ಚಿಲಕವಿದೆ, ತೂತಿಲ್ಲ

ಬಸವನಗುಡಿಯ ಆ ಕೋಣೆಯ ಬಾಗಿಲು ತೇಗದ್ದು, ಜೋಡಿ ಕದ. ಒಳಮಗ್ಗುಲಲ್ಲಿ, ಕೈ ಎತ್ತಿದರೆ ಸಿಗುವ ಎತ್ತರಕ್ಕೆ ಹಿತ್ತಾಳೆಯ ಟವರ್ ಬೋಲ್ಟ್ ಇದೆ. ತಳ್ಳಿದರೆ ಸಲೀಸಾಗಿ ಮೇಲಕ್ಕೆ ಜಾರುತ್ತದೆ, ಚೌಕಟ್ಟಿಗೆ ಹೋಗಿ ಟಕ್ಕೆಂದು ತಗಲುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಸರಳು ಹೋಗಿ ಕೂರಬೇಕಾದ ತೂತೇ ಅಲ್ಲಿಲ್ಲ. ಹಳೆಯ ಮನೆಯನ್ನು ಅತಿಥಿಗಳಿಗೆಂದು ಹೊಸದು ಮಾಡುವಾಗ ಚೌಕಟ್ಟಿನ ತೂತುಗಳಿಗೆಲ್ಲ ಪುಟ್ಟಿ ತುಂಬಿ, ಉಜ್ಜಿ, ಪಾಲಿಶ್ ಹೊಡೆದಿದ್ದಾರೆ. ಬೆರಳಾಡಿಸಿದರೆ ತೂತು ಇದ್ದ ಜಾಗ ತುಸು ನುಣುಪಾಗಿ ಕೈಗೆ ಹತ್ತುತ್ತದೆ. ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ಈ ಬಾಗಿಲ ಹಿಂದೆ ಧಾರವಾಡದ ದಂಪತಿ ಒಂದು ರಾತ್ರಿ ಕಳೆದರು. ಮಗನ ಮದುವೆಗೆ ಚಿಕ್ಕಪೇಟೆಯಲ್ಲಿ ಸೀರೆ, ಒಡವೆ ಕೊಂಡು, ಹೋಟೆಲಿನ ಗದ್ದಲ ಬೇಡವೆಂದು ಈ ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಮನೆಯನ್ನು ಆರಿಸಿಕೊಂಡಿದ್ದರು. ಕೆಂಪು ಗಾರೆ ನೆಲ, ಕಂಬದ ಜಗುಲಿ, ಹಿತ್ತಲಲ್ಲಿ ಸಂಪಿಗೆ ಮರ, ಬೆಳಗ್ಗೆ ಇಡ್ಲಿ ಮತ್ತು ಫಿಲ್ಟರ್ ಕಾಫಿ. ನಾಲ್ಕು ಹೆಜ್ಜೆ ಹಾಕಿದರೆ ಗಾಂಧಿಬಜಾರ್. ಫೋಟೋದಲ್ಲಿ ಕಂಡದ್ದೆಲ್ಲ ಅಲ್ಲಿ ಇತ್ತು ಕೂಡ. ಮಲಗುವ ಹೊತ್ತಿಗೆ ಚಿಲಕ ಹಾಕಲು ಹೋದಾಗಲೇ ಸಂಗತಿ ಗೊತ್ತಾದದ್ದು. ಒಡವೆಯ ಚೀಲವನ್ನು ದಿಂಬಿನ ಕೆಳಗಿಟ್ಟು, ಟೀಪಾಯಿಯನ್ನು ಎಳೆದು ಬಾಗಿಲಿಗೆ ಒತ್ತಿ, ಅದರ ಮೇಲೆ ಸೂಟ್‌ಕೇಸ್ ಇಟ್ಟು ಮಲಗಿದರು. ನಡುರಾತ್ರಿ ಪಕ್ಕದ ಕೋಣೆಯ ಅತಿಥಿಯೊಬ್ಬ ಬಚ್ಚಲೆಂದು ತಿಳಿದು ಅದೇ ಬಾಗಿಲನ್ನು ನೂಕಿದ. ಟೀಪಾಯಿ ಕಿರ್ರೆಂದು ಸರಿಯಿತು. ಆತ ‘ಸಾರಿ’ ಎಂದು ಹೊರಟುಹೋದ. ಕಳವೇನೂ ಆಗಲಿಲ್ಲ. ಆದರೆ ಆ ತಾಯಿ ಬೆಳಗಿನವರೆಗೆ ಹಾಸಿಗೆಯ ಮೇಲೆ ಕೂತೇ ಇದ್ದರು.

“ರೊಕ್ಕ ಕೊಟ್ಟು ಬಂದೇವ್ರಿ. ಬಾಗಲಾ ಹಾಕ್ಕೊಂಡು ಮಲಗಾಕ ಆಗಲಿಲ್ಲ ಅಂದ್ರ ಹೆಂಗ್ರಿ?” ಎಂಬುದು ಅವರ ಪ್ರಶ್ನೆ. ಎರಡನೇ ರಾತ್ರಿಯ ಬಾಡಿಗೆ ಮೊದಲೇ ಕಟ್ಟಿಯಾಗಿತ್ತು. ಅದನ್ನು ಬಿಟ್ಟು ಬೇರೆ ಕಡೆಗೆ ಹೋದರು.

ಈ ಲೇಖನಕ್ಕಾಗಿ ಆ ಕೋಣೆ ನೋಡಲು ಹೋದಾಗ ಮನೆಯ ಯಜಮಾನರು ಸಂಕೋಚವಿಲ್ಲದೆ ಎಲ್ಲ ತೋರಿಸಿದರು. ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. “ನಮ್ಮ ತಾತನ ಕಾಲದಿಂದ ಈ ಮನೇಲಿ ಒಂದು ಚಮಚಾನೂ ಕಳೆದಿಲ್ಲ ಸಾರ್” ಎಂದರು. ಇರಬಹುದು. ಆದರೆ ಅವರ ತಾತನ ಕಾಲದಲ್ಲಿ ಆ ಮನೆಯಲ್ಲಿ ಮಲಗುತ್ತಿದ್ದವರೆಲ್ಲ ಒಂದೇ ಮನೆತನದವರು. ಈಗ ಒಂದೇ ರಾತ್ರಿ ಧಾರವಾಡದವರು, ಪುಣೆಯವರು, ಯಾರೋ ಸಾಫ್ಟ್‌ವೇರ್ ಹುಡುಗರು ಮಲಗುತ್ತಾರೆ. ಒಬ್ಬರಿಗೊಬ್ಬರ ಹೆಸರೂ ಗೊತ್ತಿಲ್ಲ.

ಕೋಣೆಗೆ ಇರುವುದು ಒಂದಲ್ಲ, ಮೂರು ಬಾಗಿಲು. ಒಂದು ಹಜಾರಕ್ಕೆ, ತೂತಿಲ್ಲದ ಚಿಲಕದ್ದು ಅದೇ. ಅದರ ಹೊರಮಗ್ಗುಲಲ್ಲಿ ಮಾತ್ರ ದಪ್ಪನೆಯ ಕಬ್ಬಿಣದ ಆಲ್ಡ್ರಾಪ್ ಭದ್ರವಾಗಿದೆ. ಅಂದರೆ ಒಳಗಿದ್ದವರು ಹಾಕಿಕೊಳ್ಳಲಾರರು, ಹೊರಗಿದ್ದವರು ಬೇಕಾದರೆ ಅವರನ್ನು ಕೂಡಿಹಾಕಬಹುದು. ರಾತ್ರಿ ಬೆಂಕಿಯೇನಾದರೂ ಹತ್ತಿದರೆ ಇದು ಕಳ್ಳತನಕ್ಕಿಂತ ದೊಡ್ಡ ಅಪಾಯ. ಎರಡನೆಯ ಬಾಗಿಲು ಪಕ್ಕದ ಕೋಣೆಗೆ. ಅದಕ್ಕೊಂದು ಬೀರು ಅಡ್ಡ ಇಟ್ಟು ಮುಚ್ಚಿದ್ದಾರೆ, ಚಿಲಕ ಇರುವುದು ಆ ಕಡೆ. ಮೂರನೆಯದು ಹಿತ್ತಲಿಗೆ. ಹಿತ್ತಲಿನಾಚೆ ಕನ್ಸರ್ವೆನ್ಸಿ ಗಲ್ಲಿ. ಈ ಬಾಗಿಲಿಗೆ ಅಗುಳಿಯಿದೆ, ಗಟ್ಟಿಯಾಗಿಯೂ ಇದೆ. ಕಿಟಕಿಗಳ ಸರಳುಗಳಂತೂ ಹೆಬ್ಬೆರಳು ಗಾತ್ರ, ಅಲುಗಿಸಿದರೂ ಅಲುಗವು.

ಹೀಗೆ ಹೊರಗೆ ಬಿಗಿ, ಒಳಗೆ ಸಡಿಲ ಇರುವುದು ಈ ಒಂದು ಮನೆಯ ಕಥೆಯಲ್ಲ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳನ್ನು ಕಟ್ಟಿದ ರೀತಿಯೇ ಅದು. ಚಾಮರಾಜಪೇಟೆ 1892ರದು. 1898ರ ಪ್ಲೇಗು ಪೇಟೆಯ ಕಿಷ್ಕಿಂಧೆಯಿಂದ ಜನರನ್ನು ಹೊರಗೋಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬತೊಡಗಿದವು. ಅಗಲ ರಸ್ತೆ, ಗಾಳಿ ಬೆಳಕು, ಮನೆಗಳ ಸಾಲಿನ ಹಿಂದೆ ಹೊಲಸು ಸಾಗಿಸಲು ಪ್ರತ್ಯೇಕ ಗಲ್ಲಿ. ಎಲ್ಲವೂ ರೋಗದ ಭಯದಲ್ಲಿ ಹುಟ್ಟಿದ ಎಚ್ಚರ. ಮನೆಯೊಳಗೂ ಅಷ್ಟೇ, ಗಾಳಿ ಆಡಲೆಂದು ಕೋಣೆಯಿಂದ ಕೋಣೆಗೆ ಬಾಗಿಲು. ಭಯವಿದ್ದದ್ದು ಬೀದಿಯಿಂದ, ಗಲ್ಲಿಯಿಂದ. ಆದ್ದರಿಂದ ತಲೆಬಾಗಿಲಿಗೂ ಹಿತ್ತಲ ಬಾಗಿಲಿಗೂ ಅಗುಳಿ. ಒಳಕೋಣೆಗಳಿಗೆ ಹೊರಗಿನಿಂದ ಚಿಲಕ, ಊರಿಗೆ ಹೋಗುವಾಗ ಬೀಗ ಹಾಕಲು. ಅಜ್ಜಿ, ಅತ್ತೆ, ಸೊಸೆ, ಮಕ್ಕಳು ಒಬ್ಬರಿಂದೊಬ್ಬರು ಬಾಗಿಲು ಭದ್ರ ಮಾಡಿಕೊಳ್ಳಬೇಕೆಂದು ಮೇಸ್ತ್ರಿಗೂ ಅನ್ನಿಸಿರಲಿಲ್ಲ, ಮನೆಯವರಿಗೂ ಅನ್ನಿಸಿರಲಿಲ್ಲ.

ಆ ಮನೆಗಳನ್ನು ಇಂದು ಕೋಣೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿರುವಾಗ ಬದಲಾಗಬೇಕಾದದ್ದು ಮೊದಲು ಈ ಬಾಗಿಲುಗಳು. ಬದಲಾಗುವುದು ಮಾತ್ರ ಪರದೆ, ದೀಪ, ಬಚ್ಚಲ ಟೈಲ್ಸು. ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವ ಬದಲು ಹಳೆಯ ಮನೆಯನ್ನು ಅತಿಥಿಗೃಹ ಮಾಡಿ ಉಳಿಸಿಕೊಳ್ಳುವವರ ಬಗ್ಗೆ ಗೌರವ ಇರಲೇಬೇಕು. ಆ ಗೌರವ ಇದ್ದವರೇ ಚಿಲಕದ ವಿಷಯವನ್ನು ಗಟ್ಟಿಯಾಗಿ ಕೇಳಬೇಕು.

ಬೆಂಗಳೂರಿಗೆ ಪರವೂರಿನವರನ್ನು ಮಲಗಿಸುವುದು ಹೊಸದಲ್ಲ. ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಧರ್ಮಛತ್ರ 1903ರಿಂದ ಆ ಕೆಲಸ ಮಾಡಿಕೊಂಡು ಬಂದಿದೆ. ಛತ್ರಕ್ಕೆ ಹೋಗುವವರು ಹೋಲ್ಡಾಲು, ಟ್ರಂಕು, ಟ್ರಂಕಿಗೊಂದು ಬೀಗ ತಾವೇ ಒಯ್ಯುತ್ತಿದ್ದರು. ಅಲ್ಲಿ ನಾಲ್ಕು ಜನರ ನಡುವೆ ಮಲಗುತ್ತೇವೆಂದು ಮೊದಲೇ ಗೊತ್ತಿತ್ತು. ಬಾಡಿಗೆ ಕೋಣೆಯಲ್ಲಿ ಕೊಟ್ಟ ಮಾತೇ ಬೇರೆ.

ತಂಗಿದವರ ರಕ್ಷಣೆಯ ಈ ಹೊಣೆಯನ್ನು ಕಾನೂನು ಬಹಳ ಹಿಂದೆಯೇ ಗಮನಿಸಿದೆ. ಬ್ರಿಟಿಷರ ಕಾಲದ 1867ರ ಸರಾಯ್ ಕಾಯ್ದೆ ಪ್ರಯಾಣಿಕರ ತಂಗುಮನೆ ನಡೆಸುವವರಿಗೆ ಕೆಲವು ಕರ್ತವ್ಯ ವಿಧಿಸಿತ್ತು: ಕೋಣೆ, ಬಾವಿ, ಚರಂಡಿ ಚೊಕ್ಕಟವಾಗಿರಬೇಕು, ಗೋಡೆ, ಬೇಲಿ, ಗೇಟು ದುರಸ್ತಿಯಲ್ಲಿರಬೇಕು, ದರಪಟ್ಟಿ ತೂಗುಹಾಕಬೇಕು, ತಂಗಿದ ಜನ, ಪ್ರಾಣಿ, ಗಾಡಿಗಳ ರಕ್ಷಣೆಗೆ ಮ್ಯಾಜಿಸ್ಟ್ರೇಟರು ಹೇಳಿದಷ್ಟು ಕಾವಲುಗಾರರನ್ನು ಇಡಬೇಕು. ಎತ್ತು, ಕುದುರೆಗಳಿಗೂ ಕಾವಲು ಬೇಕೆಂದ ಕಾಯ್ದೆ ಅದು.

ಕುದುರೆಯ ಮಾತು ಬಂದದ್ದರಿಂದ ಇಂಗ್ಲೆಂಡಿನ ಒಂದು ಮೊಕದ್ದಮೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1584ರ ಕ್ಯಾಲಿ ಪ್ರಕರಣ. ಅತಿಥಿಯೊಬ್ಬ ತನ್ನ ಕುದುರೆಯನ್ನು ಮೇಯಲು ಬಿಡುವಂತೆ ತಂಗುಮನೆಯವನಿಗೆ ಹೇಳಿದ. ಹುಲ್ಲುಗಾವಲಿನಿಂದ ಕುದುರೆ ಕಳುವಾಯಿತು. ಕುದುರೆ ಹೊರಗೆ ಮೇಯಲಿ ಎಂದದ್ದು ಅತಿಥಿಯೇ ಆದ್ದರಿಂದ ತಂಗುಮನೆಯವನು ಹೊಣೆಯಲ್ಲವೆಂದು ತೀರ್ಮಾನವಾಯಿತು. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು, ನಾನೂರು ವರ್ಷ ಬಾಳಿದ್ದು ಆ ಮಾತು: ಅತಿಥಿಯ ಸಾಮಾನು ಮನೆಯೊಳಗೆ ಇದ್ದರೆ ಹೊಣೆ ಮನೆಯವನದು, ಕೋಣೆಯ ಬೀಗದ ಕೈಯನ್ನು ಅತಿಥಿಯ ಕೈಗೇ ಕೊಟ್ಟಿದ್ದೆ, ಬಾಗಿಲು ತೆರೆದಿಟ್ಟದ್ದು ಅವನೇ ಎಂದರೂ ನೆವ ನಡೆಯುವುದಿಲ್ಲ. ಬೀಗದ ಕೈ ಕೊಟ್ಟವನಿಗೇ ಹೀಗಾದರೆ, ಬೀಗವೂ ಇಲ್ಲ ಚಿಲಕಕ್ಕೆ ತೂತೂ ಇಲ್ಲ ಎಂಬ ಕೋಣೆಯ ಯಜಮಾನನಿಗೆ ಆ ನ್ಯಾಯಾಧೀಶರು ಏನೆನ್ನುತ್ತಿದ್ದರೋ!

ಆ ಕುದುರೆಯ ಜಾಡು ನಮ್ಮ ಸುಪ್ರೀಂ ಕೋರ್ಟಿನವರೆಗೂ ಬಂದಿದೆ, ಮಾರುತಿ ಝೆನ್ ರೂಪದಲ್ಲಿ. 1998ರ ಆಗಸ್ಟಿನ ಒಂದು ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದವರೊಬ್ಬರು ತಮ್ಮ ಕಾರನ್ನೂ ಕೀಲಿಯನ್ನೂ ಹೋಟೆಲಿನ ನೌಕರನ ಕೈಗಿತ್ತು ಒಳಗೆ ಹೋದರು. ಅಲ್ಲಿಗೆ ಬಂದಿದ್ದ ಬೇರೆ ಹುಡುಗರು ಮೇಜಿನ ಮೇಲಿದ್ದ ಆ ಕೀಲಿ ಎತ್ತಿಕೊಂಡು ಕಾರು ಓಡಿಸಿಕೊಂಡು ಹೋದರು. ವಿಮೆ ಕಂಪನಿ 2,80,000 ರೂಪಾಯಿ ತುಂಬಿಕೊಟ್ಟು ಹೋಟೆಲಿನ ಮೇಲೆ ದೂರು ಹೂಡಿತು. ‘ಕಾರಿನ ಜವಾಬ್ದಾರಿ ಮಾಲೀಕರದೇ’ ಎಂದು ಪಾರ್ಕಿಂಗ್ ಚೀಟಿಯಲ್ಲಿ ಅಚ್ಚಾಗಿದೆಯಲ್ಲ ಎಂಬುದು ಹೋಟೆಲಿನ ವಾದ. 2019ರ ನವೆಂಬರಿನಲ್ಲಿ ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ, ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ತಂಗುಮನೆಗಳ ಹಳೆಯ ಇಂಗ್ಲಿಷ್ ತೀರ್ಪುಗಳನ್ನೆಲ್ಲ ತಿರುವಿಹಾಕಿ ಅವರು ಬಂದು ನಿಂತದ್ದು ಇಲ್ಲಿ: ವಸ್ತುವನ್ನು ವಶಕ್ಕೆ ಪಡೆದ ಮೇಲೆ ಅದು ಕಳೆದರೆ ಮೇಲ್ನೋಟಕ್ಕೆ ಹೊಣೆ ಹೋಟೆಲಿನದು, ತನ್ನ ನಿರ್ಲಕ್ಷ್ಯವಿಲ್ಲವೆಂದು ಹೋಟೆಲೇ ತೋರಿಸಬೇಕು, ಚೀಟಿಯ ಮೇಲಿನ ಅಚ್ಚಿನ ಸಾಲು ನಿರ್ಲಕ್ಷ್ಯಕ್ಕೆ ರಕ್ಷೆಯಾಗದು. 1872ರ ಕರಾರು ಕಾಯ್ದೆ ಕೇಳುವುದೂ ಇಷ್ಟೇ: ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ.

ಕೋಣೆಯಲ್ಲಿಟ್ಟ ಒಡವೆ ಹೋಟೆಲಿನವರ ಕೈಗೆ ಒಪ್ಪಿಸಿದ ಕಾರಿನಂತಲ್ಲ, ನಿಜ. ಆ ತೀರ್ಪನ್ನು ಎತ್ತಿ ನೇರ ಇಲ್ಲಿಗೆ ಅಂಟಿಸಲಾಗದು. ಆದರೆ ಬಸವನಗುಡಿಯ ಆ ಕೋಣೆಯ ಗೋಡೆಗೂ ಒಂದು ಫಲಕ ಹಾಕಿಸಿದ್ದಾರೆ, ‘ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು’ ಎಂದು. ಜವಾಬ್ದಾರಿ ಹೊರಿಸುವವರು ಅದನ್ನು ನಿಭಾಯಿಸಲು ಒಂದು ಚಿಲಕವನ್ನಾದರೂ ಕೊಡಬೇಡವೇ?

ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕೆ ಈ ಬಗೆಯ ಮನೆಗಳಿಗೆಂದೇ ಒಂದು ಯೋಜನೆಯಿದೆ. ಮಾಲೀಕರು ಅಲ್ಲೇ ವಾಸವಿರಬೇಕು, ಆರು ಕೋಣೆ ಮೀರಬಾರದು, ಚಿನ್ನ ಮತ್ತು ಬೆಳ್ಳಿ ಎಂಬ ಎರಡು ದರ್ಜೆ. ಪಟ್ಟಿಯಲ್ಲಿ ಕೋಣೆಯ ಅಳತೆಯಿಂದ ಬೀರುವಿನ ಹ್ಯಾಂಗರಿನವರೆಗೆ ಲೆಕ್ಕವಿದೆ. ಬೆಲೆಬಾಳುವುದನ್ನು ಕೋಣೆಯಲ್ಲಿ ಭದ್ರವಾಗಿಡುವ ಸೌಕರ್ಯ, ಬಂದುಹೋದವರ ದಾಖಲೆ ಪುಸ್ತಕ ಕೂಡ ಇವೆ. ದಾಖಲೆಯ ವಿಷಯದಲ್ಲಿ ಮನೆಗಳು ಚುರುಕಾಗಿಯೇ ಇವೆ. ಬಂದ ಕೂಡಲೇ ಆಧಾರ್ ಕೇಳುತ್ತಾರೆ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತಾರೆ. ವಿದೇಶಿಯರಾದರೆ 24 ಗಂಟೆಯೊಳಗೆ ಅವರ ವಿವರದ ನಮೂನೆ ತುಂಬಿ ಕಳಿಸುತ್ತಾರೆ.

ಧಾರವಾಡದ ದಂಪತಿಗೆ ದಾರಿ ಇಲ್ಲದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಾಲಾವಕಾಶ ಎರಡು ವರ್ಷ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು. ಅವರು ಬಾಗಿಲಿನ, ಟೀಪಾಯಿಯ ಫೋಟೋ ತೆಗೆದಿಟ್ಟುಕೊಂಡಿದ್ದಾರೆ. ಬುದ್ಧಿವಂತಿಕೆಯ ಕೆಲಸ.

ಇಷ್ಟೆಲ್ಲ ಬೇಕಾಗಿರಲಿಲ್ಲ ಎಂಬುದೇ ಹೊಟ್ಟೆ ಉರಿಸುವ ವಿಷಯ. ಆ ಚೌಕಟ್ಟಿಗೆ ತೂತು ಕೊರೆಯಲು ಬಡಗಿಗೆ ಡ್ರಿಲ್ ಹಿಡಿದು ಕೆಲವು ನಿಮಿಷ ಸಾಕು. ಒಳಗೊಂದು ಹೊಸ ಬೋಲ್ಟ್, ಹೊರಗಿನಿಂದ ಕೀಲಿಯಲ್ಲಿ ತೆರೆಯುವ ನೈಟ್ ಲ್ಯಾಚ್ ಕೂರಿಸಿದರೂ ಒಂದೆರಡು ರಾತ್ರಿಯ ಬಾಡಿಗೆಯಲ್ಲಿ ಮುಗಿಯುತ್ತದೆ. ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಬೀಗ ಮಾಡಲು ಶುರುಮಾಡಿದ್ದು 1897ರಲ್ಲಿ, ಬಸವನಗುಡಿಯನ್ನು ತುಂಬಿಸಿದ ಪ್ಲೇಗಿಗಿಂತ ಒಂದು ವರ್ಷ ಮುಂಚೆ. ಒಳ್ಳೆಯ ಬೀಗ ಅಂದಿನಿಂದ ಈ ದೇಶದಲ್ಲಿ ಸಿಗುತ್ತಲೇ ಇದೆ.

ಯಜಮಾನರಿಗೆ ಇದನ್ನೆಲ್ಲ ಹೇಳಿದಾಗ ಅವರು ವಾದ ಮಾಡಲಿಲ್ಲ. ಹಜಾರದ ಬಾಗಿಲಿನ ತೂತು ಈ ವಾರವೇ ಕೊರೆಸುತ್ತೇನೆ, ಹೊರಗಿನ ಆಲ್ಡ್ರಾಪ್ ತೆಗೆಸುತ್ತೇನೆ, ಆ ದಂಪತಿಯ ಎರಡನೇ ರಾತ್ರಿಯ ಹಣವನ್ನೂ ಹಿಂದಿರುಗಿಸುತ್ತೇನೆ ಎಂದರು. ಬೀರು ಅಡ್ಡ ಇಟ್ಟ ಬಾಗಿಲಿನದೇ ತೊಡಕು. ಅದಕ್ಕೆ ಇಟ್ಟಿಗೆ ಕಟ್ಟಿಸಬೇಕೆಂದರೆ ಅಣ್ಣತಮ್ಮಂದಿರೆಲ್ಲ ಒಪ್ಪಬೇಕು, ಮನೆ ಇನ್ನೂ ಪಾಲಾಗಿಲ್ಲ, ಒಬ್ಬರು ಅಮೆರಿಕದಲ್ಲಿದ್ದಾರೆ. ಇಟ್ಟಿಗೆ ಬೇಡ, ಈ ಕಡೆಯಿಂದಲೂ ಒಂದು ಚಿಲಕ ಜಡಿದರೆ ಆಯಿತಲ್ಲ ಎಂದರೆ ಬೀರುವಿನತ್ತ ನೋಡಿದರು. ಬೀರು ಸರಿಸಲು ನಾಲ್ಕು ಜನ ಬೇಕು. ನಾಲ್ಕು ಜನರನ್ನು ಕರೆಸಲಿ. ಅವರು ಬಂದು ಆ ಕೆಲಸ ಮುಗಿಸುವವರೆಗೆ ಆ ಕೋಣೆಯನ್ನು ಯಾರಿಗೂ ಬಾಡಿಗೆಗೆ ಕೊಡಬಾರದು.