ಅತ್ತೆಯ ತಂಬೂರಿಯೂ ನನ್ನ ಡೀಬಗ್ಗಿಂಗೂ

ಶಿಕಾರಿಪುರದ ನಮ್ಮನೆಯಿಂದ ವರ್ಕ್ ಫ್ರಮ್ ಹೋಮ್ ಮಾಡ್ತಿದ್ದಾಗ ಸೊರಬದಿಂದ ಅತ್ತೆಯ ಫೋನ್ ಬಂತು. "ಆ ತಂಬೂರಿ ಯಾರಿಗಾದ್ರೂ ಕೊಟ್ಬಿಡೋ. ಮೊಬೈಲಲ್ಲೇ ಶ್ರುತಿ ಬರುತ್ತಲ್ಲ, ಸಾಕು." ಮಾತು ಸಲೀಸಾಗೇ ಇತ್ತು, ದನಿ ಮಾತ್ರ ಇರಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಹಾಡಿದ್ದನ್ನು ನಾವ್ಯಾರೂ ಕೇಳಿಲ್ಲ.

ಶನಿವಾರ ಹೊಸ ತಂತಿಗಳ ಸೆಟ್ ಹಿಡಿದು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದೆ. ವಿಡಿಯೋ ನೋಡಿ ನಾಲ್ಕೂ ತಂತಿ ನಾನೇ ಹಾಕಿದೆ. ಶ್ರುತಿ ಏರಿಸೋಕೆ ಬಿರಡೆ ತಿರುಗಿಸಿದ್ರೆ 'ಕಿರ್ರ್' ಅಂತ ಸದ್ದು, ನಡುನಡುವೆ 'ಟಿಣ್' ಅಂತ ಹಾರುವ ಶಬ್ದ. ಅತ್ತೆ ಒಳಗಿನಿಂದಲೇ, "ಮುರೀಬೇಡ ಮಾರಾಯ, ಮೀರಜ್‌ನಿಂದ ನಿಮ್ಮ ಮಾವ ತಂದಿದ್ದು" ಅಂದ್ರು.

ಅಲ್ಲಿಗೆ ಎಂಜಿನಿಯರ್ ಬುದ್ಧಿ ಎಚ್ಚರವಾಯ್ತು. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಪರೀಕ್ಷೆ.

ಮೊದಲು ಸದ್ದು ಎಲ್ಲಿಂದ ಅಂತ ನೋಡಬೇಕು. ತಂತಿಯನ್ನು ಪೂರ್ತಿ ಸಡಿಲಿಸಿ ಬರೀ ಬಿರಡೆ ತಿರುಗಿಸಿದೆ. ಆಗಲೂ 'ಕಿರ್ರ್'! ಅಂದ್ರೆ ಇದು ತಂತಿಯದ್ದಲ್ಲ, ಮರಕ್ಕೆ ಮರ ಉಜ್ಜುವ ಸದ್ದು. ಬಿರಡೆ ಹಿಡಿದುಕೊಂಡು, ಥಟ್ಟನೆ ಬಿಟ್ಟು, ಮತ್ತೆ ಹಿಡಿಯುತ್ತೆ. ಹೊರಗೆ ತೆಗೆದು ಒರೆಸಿ, ಒಣ ಸೋಪಿನ ತುಂಡನ್ನು ತೆಳ್ಳಗೆ ಉಜ್ಜಿ, ಮೇಲೆ ಸೀಮೆಸುಣ್ಣ ಹಚ್ಚಿದೆ. ಸೋಪು ಜಾರಿಸುತ್ತೆ, ಸೀಮೆಸುಣ್ಣ ಹಿಡಿದು ನಿಲ್ಲಿಸುತ್ತೆ; ಎರಡೂ ಹದದಲ್ಲಿರಬೇಕು. ಎಣ್ಣೆ ಮಾತ್ರ ಬೇಡವೇ ಬೇಡ, ಆಮೇಲೆ ಬಿರಡೆ ನಿಲ್ಲೋದೇ ಇಲ್ಲ.

'ಟಿಣ್' ಸದ್ದು ಬೇರೆ ಕಡೆಯದ್ದು. ಬಿರಡೆಯ ಕೆಳಗೆ ತಂತಿ ಹಾದುಹೋಗುವ ಪಟ್ಟಿ ಇರುತ್ತಲ್ಲ, ಅಲ್ಲಿ ತಂತಿ ಸಿಕ್ಕಿಕೊಳ್ಳುತ್ತೆ. ಬಿರಡೆ ಎಳೆದರೂ ಪಟ್ಟಿಯ ಈಚೆಗಿನ ಭಾಗ ಬಿಗಿಯಾಗಲ್ಲ. ಎಳೆತ ಹೆಚ್ಚಾದಾಗ ಒಮ್ಮೆಲೇ ಜಾರಿ ಶ್ರುತಿ ಮೇಲಕ್ಕೆ ಹಾರುತ್ತೆ. ಅಲ್ಲಿಗೆ ಪೆನ್ಸಿಲ್ ಸೀಸ ಗೀಚಿದರೆ ಸಾಕು. ಅದರಲ್ಲಿರೋ ಗ್ರಾಫೈಟ್ ತಂತಿಗೆ ಜಾರುದಾರಿ ಮಾಡಿಕೊಡುತ್ತೆ.

ಪಿಯಾನೋದವರಿಗೂ ಇದೇ ತಲೆನೋವು. ಅದರಲ್ಲಿ 200ಕ್ಕೂ ಹೆಚ್ಚು ತಂತಿ, ಎಲ್ಲದರ ಎಳೆತ ಸೇರಿದರೆ ಹಲವಾರು ಟನ್. ಹೊಸ ತಂತಿ ಹಾಕಿದ ಪಿಯಾನೋ ಶ್ರುತಿ ಮಾಡುವಾಗ ಲೋಹದ ಪಟ್ಟಿಗೋ, ಕೆಳಗಿನ ಉಣ್ಣೆಬಟ್ಟೆಗೋ ತಂತಿ ಉಜ್ಜಿ ಕೀರಲು ಸದ್ದು ಬರುತ್ತೆ. ಅಲ್ಲಿಯ ಒಳ್ಳೆಯ ಅಭ್ಯಾಸವನ್ನು ನಾನೂ ಕಲಿತೆ: ಏರಿಸುವ ಮೊದಲು ಸ್ವಲ್ಪ ಇಳಿಸು. ಅಂಟಿಕೊಂಡ ತಂತಿ ಮೆಲ್ಲಗೆ ಬಿಡುತ್ತೆ, ತುಂಡಾಗೋ ಭಯ ಕಡಿಮೆ.

ಇಷ್ಟಾದರೂ ಬೆಳಗ್ಗೆ ಎದ್ದು ನೋಡಿದರೆ ಶ್ರುತಿ ಇಳಿದಿತ್ತು. ಇದು ದೋಷವಲ್ಲ. ಹೊಸ ತಂತಿ ಹಿಗ್ಗುತ್ತೆ, ಬಿರಡೆಗೆ ಸುತ್ತಿದ ಸುರುಳಿ ಬಿಗಿಯಾಗುತ್ತೆ. ಕೆಲವು ದಿನ ಮತ್ತೆ ಮತ್ತೆ ಏರಿಸಬೇಕು. ಸಣ್ಣ ವ್ಯತ್ಯಾಸಕ್ಕೆ ಬಿರಡೆ ಮುಟ್ಟದೆ ಕೆಳಗಿನ ಮಣಿ ಸರಿಸಿದರಾಯ್ತು.

ಶ್ರುತಿ ಸೇರಿತು, ಆದರೆ ನಾದ ಮಂಕು. ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಂಡು ಬಂದು ಕೂತರು. "ಗುಡಿಗಾರರ ಊರಲ್ಲಿ ಕೂತು ಮರದ ಕೆಲಸ ಮಾಡ್ದೆ, ಸರಿ. ದಾರ ಯಾರು ಇಡ್ತಾರೆ?" ಕುದುರೆಗೂ ತಂತಿಗೂ ನಡುವೆ ಹತ್ತಿಯ ಎಳೆ ಸಿಕ್ಕಿಸಿ ಕೂದಲೆಳೆಯಷ್ಟು ಸರಿಸಿದರು. ಮಂಕಾಗಿದ್ದ ತಂತಿ ಝೇಂಕರಿಸಿತು. ಬಾಗಿದ ಕುದುರೆಯ ಮೇಲೆ ತಂತಿ ಸವರುತ್ತಾ ಅದುರುವುದರಿಂದ ಬರುವ ನಾದ ಅದು. ಸರ್ ಸಿ.ವಿ. ರಾಮನ್ 1921ರಲ್ಲೇ ನಮ್ಮ ತಂಬೂರಿ, ವೀಣೆಗಳ ಕುದುರೆಯ ಬಗ್ಗೆ ಪ್ರಬಂಧ ಬರೆದಿದ್ದರು. ಮೀರಜ್‌ನ ತಾನ್ಪುರಕ್ಕೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಇದನ್ನೆಲ್ಲ ಅತ್ತೆಗೆ ಹೇಳೋಣ ಅಂದ್ಕೊಂಡೆ.

ಹೇಳಲಿಲ್ಲ. ಅವರು ಕಣ್ಣು ಮುಚ್ಚಿ ಷಡ್ಜ ಹಿಡಿದಿದ್ದರು. ದನಿ ಮೊದಲು ನಡುಗಿತು, ಆಮೇಲೆ ನಿಂತಿತು.

ನಿಮ್ಮ ಅಟ್ಟದ ಮೇಲೂ ಇಂಥದ್ದೊಂದು ಇದ್ದರೆ ಕೊಡುವ ಮುಂಚೆ ಒಂದು ಸೀಮೆಸುಣ್ಣ, ಒಂದು ಪೆನ್ಸಿಲ್ ತಗೊಂಡು ಕೂತು ನೋಡಿ. ಮನೆಯಲ್ಲಿ ದಾರ ಇಡಲು ಬರುವವರು ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.