ಡಿವಿಡಿ ಬರ್ನಿಂಗ್ ನಿಧಾನವೇ? ದೋಷ ಡ್ರೈವಿನದೇ ಆಗಿರಬೇಕಿಲ್ಲ

ವರ್ಷದ ಲೆಕ್ಕಪತ್ರಗಳು ಮುಕ್ತಾಯಗೊಂಡು ಪರಿಶೋಧನೆಯೂ ಮುಗಿದ ಮೇಲೆ ಆ ವರ್ಷದ ದತ್ತಾಂಶವನ್ನೆಲ್ಲ ಡಿವಿಡಿಯೊಂದಕ್ಕೆ ಬರೆದು ಬೀರುವಿನಲ್ಲಿ ಇರಿಸುವ ಪದ್ಧತಿ ಅನೇಕ ವರ್ತಕರ ಕಚೇರಿಗಳಲ್ಲಿ ಬೆಳೆದುಬಂದಿದೆ. ಚನ್ನಗಿರಿಯ ಅಡಿಕೆ ಮಂಡಿಯಾಗಲಿ, ಹೊನ್ನಾಳಿಯ ಅಕ್ಕಿ ಗಿರಣಿಯಾಗಲಿ, ನ್ಯಾಮತಿಯ ಗೊಬ್ಬರದ ಅಂಗಡಿಯಾಗಲಿ, ಜಗಳೂರಿನ ಮೆಕ್ಕೆಜೋಳದ ವ್ಯಾಪಾರವಾಗಲಿ, ಈ ಕೆಲಸ ಸಾಮಾನ್ಯವಾಗಿ ಗುಮಾಸ್ತರ ಪಾಲಿಗೆ ಬರುತ್ತದೆ. ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಕೆಲಸ ಮುಕ್ಕಾಲು ಗಂಟೆ ಹಿಡಿದಾಗ ಅವರು ಮಾಡುವುದು ಮೂರರಲ್ಲೊಂದು: ನಡುವೆಯೇ ನಿಲ್ಲಿಸುವುದು, ಪರಿಶೀಲನೆಯ ಹಂತವನ್ನು ಕೈಬಿಡುವುದು, ಇಲ್ಲವೇ ಡ್ರೈವ್ ಕೆಟ್ಟಿದೆ ಎಂದು ತೀರ್ಮಾನಿಸಿ ಬ್ಯಾಕಪ್ ತೆಗೆಯುವುದನ್ನೇ ಬಿಟ್ಟುಬಿಡುವುದು. ಮೂರೂ ದುಬಾರಿಯಾದ ತಪ್ಪುಗಳೇ.

ದುಬಾರಿ ಏಕೆಂದರೆ, ಇದು ಕೇವಲ ಅನುಕೂಲದ ಮಾತಲ್ಲ, ಕಾನೂನಿನ ಮಾತು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳನ್ನು, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಬೇಕು. 2023-24ನೆಯ ಸಾಲಿನ ವಾರ್ಷಿಕ ರಿಟರ್ನಿಗೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಆದ್ದರಿಂದ ಆ ಸಾಲಿನ ಲೆಕ್ಕಗಳು 2030ರ ಡಿಸೆಂಬರ್ ಅಂತ್ಯದವರೆಗೂ ಇರಬೇಕು. ಮೇಲ್ಮನವಿ ಬಾಕಿ ಇದ್ದರೆ ಅವಧಿ ಇನ್ನೂ ಉದ್ದವಾಗಬಹುದು. ಅದೇ ಕಾಯ್ದೆಯ ನಿಯಮಾವಳಿಯ 57ನೆಯ ನಿಯಮವು ವಿದ್ಯುನ್ಮಾನ ದಾಖಲೆಗಳ ಸಮರ್ಪಕ ಬ್ಯಾಕಪ್ ಇರಬೇಕೆಂದೂ, ಅವಘಡದಿಂದ ಮೂಲ ದಾಖಲೆ ನಾಶವಾದರೆ ಸಮಂಜಸವಾದ ಅವಧಿಯಲ್ಲಿ ಅದನ್ನು ಮರಳಿ ಪಡೆಯುವಂತಿರಬೇಕೆಂದೂ ಹೇಳುತ್ತದೆ. ಇನ್‌ಪುಟ್ ತೆರಿಗೆ ಜಮೆಗೆ ತಾನು ಅರ್ಹನೆಂದು ರುಜುವಾತುಪಡಿಸುವ ಹೊಣೆ 155ನೆಯ ಕಲಮಿನಂತೆ ಅದನ್ನು ಪಡೆದವನದೇ. ಕಂಪನಿಯಾಗಿ ನೋಂದಾಯಿತವಾದ ಉದ್ದಿಮೆಗಳಿಗೆ 2013ರ ಕಂಪನಿ ಕಾಯ್ದೆಯ 128ನೆಯ ಕಲಮು ಎಂಟು ಹಣಕಾಸು ವರ್ಷಗಳ ಅವಧಿಯನ್ನು ವಿಧಿಸಿದೆ. ಹೀಗಿರುವಾಗ ಇಂದು ಬರೆದ ಡಿಸ್ಕ್ ಆರೆಂಟು ವರ್ಷಗಳ ನಂತರವೂ ತೆರೆದುಕೊಳ್ಳಬೇಕು. ಬರವಣಿಗೆ ಏಕೆ ನಿಧಾನವಾಯಿತು ಎಂಬುದನ್ನು ತಿಳಿಯುವುದು ಈ ದೃಷ್ಟಿಯಿಂದ ಅಗತ್ಯವಾಗಿದೆ.

ಎಷ್ಟು ನಿಧಾನವಾದರೆ ನಿಧಾನ?

ಮೊದಲು ಅಳತೆ, ಆಮೇಲೆ ದೂರು. ಡಿವಿಡಿಯ ವೇಗವನ್ನು 1ಎಕ್ಸ್, 4ಎಕ್ಸ್, 8ಎಕ್ಸ್ ಎಂದು ಸೂಚಿಸುತ್ತಾರೆ. 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1,385 ಕಿಲೋಬೈಟ್. ಸಿಡಿಯ 1ಎಕ್ಸ್ ಎಂದರೆ ಕೇವಲ 150 ಕಿಲೋಬೈಟ್. ಆದ್ದರಿಂದ ಸಿಡಿಯ 24ಎಕ್ಸ್‌ ಅನ್ನೂ ಡಿವಿಡಿಯ 8ಎಕ್ಸ್‌ ಅನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮಾಮೂಲಿ ಡಿವಿಡಿಯ ಸಾಮರ್ಥ್ಯ 4.7 ಗಿಗಾಬೈಟ್. ಅದನ್ನು ಪೂರ್ಣವಾಗಿ ತುಂಬಲು 1ಎಕ್ಸ್‌ನಲ್ಲಿ ಸುಮಾರು 57 ನಿಮಿಷ, 2ಎಕ್ಸ್‌ನಲ್ಲಿ 28 ನಿಮಿಷ, 4ಎಕ್ಸ್‌ನಲ್ಲಿ 14 ನಿಮಿಷ ಬೇಕಾಗುತ್ತದೆ.

ಲ್ಯಾಪ್‌ಟಾಪಿನ ತೆಳುವಾದ ಡ್ರೈವುಗಳ ಗರಿಷ್ಠ ವೇಗ ಸಾಮಾನ್ಯವಾಗಿ 8ಎಕ್ಸ್. ಮೇಜಿನ ಗಣಕಯಂತ್ರದ ಡ್ರೈವುಗಳಂತೆ ಇವು 16ಎಕ್ಸ್ ತಲುಪುವುದಿಲ್ಲ. ಆ 8ಎಕ್ಸ್ ಕೂಡ ಆರಂಭದಿಂದಲೇ ದೊರೆಯುವುದಲ್ಲ. ಡಿಸ್ಕಿನ ಬರವಣಿಗೆ ಒಳಸುತ್ತಿನಿಂದ ಆರಂಭವಾಗಿ ಹೊರಸುತ್ತಿಗೆ ಸಾಗುತ್ತದೆ. ಒಳಸುತ್ತು ಚಿಕ್ಕದಾದ್ದರಿಂದ ಅಲ್ಲಿ ಅನೇಕ ಡ್ರೈವುಗಳ ವೇಗ ಮೂರು–ನಾಲ್ಕು ಎಕ್ಸ್ ಮಾತ್ರ. ಹೊರ ಅಂಚನ್ನು ಸಮೀಪಿಸಿದಾಗಲೇ 8ಎಕ್ಸ್. ಸಣ್ಣ ವ್ಯಾಪಾರಿಯ ಒಂದು ವರ್ಷದ ಲೆಕ್ಕ ಇನ್ನೂರು–ಮುನ್ನೂರು ಮೆಗಾಬೈಟ್ ದಾಟುವುದೇ ಅಪರೂಪ. ಅಷ್ಟೂ ಒಳಸುತ್ತಿನಲ್ಲೇ ಮುಗಿದುಹೋಗುವುದರಿಂದ ಅವರ ಡ್ರೈವ್ ಎಂದೂ 8ಎಕ್ಸ್ ಮುಟ್ಟುವುದಿಲ್ಲ. ಇದು ದೋಷವಲ್ಲ, ಯಂತ್ರದ ಸ್ವಭಾವ. ಜೊತೆಗೆ ಡಿಸ್ಕಿನ ಆದಿ ಮತ್ತು ಅಂತ್ಯದ ಗುರುತುಗಳನ್ನು ಬರೆಯಲು ತಗಲುವ ಒಂದೆರಡು ನಿಮಿಷಗಳು, ದತ್ತಾಂಶ ಎಷ್ಟೇ ಕಡಿಮೆಯಿದ್ದರೂ ತಪ್ಪುವುದಿಲ್ಲ.

ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದ ಮೇಲೂ ಸಮಯ ಎರಡು ಮೂರು ಪಟ್ಟು ಹೆಚ್ಚಾಗಿ ಕಂಡರೆ ಮಾತ್ರ ದೋಷವನ್ನು ಹುಡುಕತಕ್ಕದ್ದು.

ಗೋದಾಮಿನಿಂದ ಲಾರಿಯವರೆಗೆ

ಬರ್ನಿಂಗ್ ಎಂಬುದನ್ನು ಲಾರಿಗೆ ಸರಕು ತುಂಬುವ ಕೆಲಸಕ್ಕೆ ಹೋಲಿಸಬಹುದು. ಹಾರ್ಡ್ ಡಿಸ್ಕ್ ಗೋದಾಮು, ತಂತಿ ಮತ್ತು ಸೆಟ್ಟಿಂಗುಗಳು ದಾರಿ, ಡ್ರೈವಿನೊಳಗಿನ ಬಫರ್ ಲಾರಿಯ ಪಕ್ಕದ ಕಟ್ಟೆ, ಡಿಸ್ಕ್ ಲಾರಿ. ಗೋದಾಮಿನಿಂದ ಚೀಲ ಬಾರದಿದ್ದರೆ ಲಾರಿ ಕಾಯುತ್ತದೆ. ದಾರಿ ಇಕ್ಕಟ್ಟಾದರೂ ಕಾಯುತ್ತದೆ. ಲಾರಿಯ ಹಲಗೆಯೇ ದುರ್ಬಲವಾಗಿದ್ದರೆ ಹಮಾಲರು ತಾವಾಗಿಯೇ ನಿಧಾನವಾಗಿ ಹೆಜ್ಜೆ ಇಡುತ್ತಾರೆ. ಈ ನಾಲ್ಕು ಎಡೆಗಳನ್ನು ಖರ್ಚು ಕಡಿಮೆ ಇರುವುದರಿಂದ ಹೆಚ್ಚಿರುವುದರ ಕಡೆಗೆ, ಒಂದು ಬಾರಿಗೆ ಒಂದನ್ನೇ ಬದಲಿಸಿ ಪರೀಕ್ಷಿಸುವುದು ಸರಿಯಾದ ಕ್ರಮ. ಎಲ್ಲವನ್ನೂ ಏಕಕಾಲಕ್ಕೆ ಬದಲಿಸಿದರೆ ವೇಗ ಮರಳಬಹುದು, ಕಾರಣ ಮಾತ್ರ ತಿಳಿಯುವುದಿಲ್ಲ.

ಮೊದಲನೆಯದು: ಡಿಸ್ಕ್

ಪ್ರತಿ ಖಾಲಿ ಡಿಸ್ಕಿನಲ್ಲೂ ಅದರ ತಯಾರಕ ಮತ್ತು ಮಾದರಿಯನ್ನು ಸೂಚಿಸುವ ಸಂಕೇತ ಮುದ್ರಿತವಾಗಿರುತ್ತದೆ. ಡ್ರೈವಿನ ಫರ್ಮ್‌ವೇರ್ ಆ ಸಂಕೇತವನ್ನು ಓದಿ, ಇಂಥ ಡಿಸ್ಕಿಗೆ ಇಷ್ಟು ಲೇಸರ್ ಶಕ್ತಿ, ಇಷ್ಟು ವೇಗ ಎಂದು ನಿರ್ಧರಿಸುತ್ತದೆ. ಸಂಕೇತ ಪರಿಚಿತವಲ್ಲದಿದ್ದರೆ ಮುನ್ನೆಚ್ಚರಿಕೆಯಿಂದ ಕಡಿಮೆ ವೇಗಕ್ಕೆ ಇಳಿಯುತ್ತದೆ. ಪೊಟ್ಟಣದ ಮೇಲೆ 16ಎಕ್ಸ್ ಎಂದು ಮುದ್ರಿಸಿದ್ದ ಮಾತ್ರಕ್ಕೆ ಡ್ರೈವ್ ಅದನ್ನು ಒಪ್ಪಬೇಕೆಂದಿಲ್ಲ. ಆದ್ದರಿಂದ ಬೇರೊಂದು ತಯಾರಿಕೆಯ ಒಂದೆರಡು ಡಿಸ್ಕುಗಳನ್ನು ತಂದು ಅದೇ ದತ್ತಾಂಶವನ್ನು ಬರೆದು ನೋಡುವುದು ಅತ್ಯಂತ ಅಗ್ಗದ ಪರೀಕ್ಷೆ. ವೇಗ ಬದಲಾದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಲ್ಯಾಪ್‌ಟಾಪ್ ತಯಾರಕರು ಹೊಸ ಫರ್ಮ್‌ವೇರ್ ಒದಗಿಸಿದ್ದರೆ ಅದನ್ನು ಅಳವಡಿಸಿಕೊಂಡಾಗಲೂ ಹೊಸ ಡಿಸ್ಕುಗಳ ಪರಿಚಯ ಡ್ರೈವಿಗೆ ದೊರೆಯಬಹುದು.

ಮತ್ತೆ ಮತ್ತೆ ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕುಗಳು ಸ್ವಭಾವತಃ ನಿಧಾನ. ಎರಡು ಪದರದ ಡಿಸ್ಕುಗಳೂ ಹಾಗೆಯೇ. ವರ್ಷಾಂತ್ಯದ ಲೆಕ್ಕಕ್ಕೆ ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕೇ ಯುಕ್ತ. ಬರೆದುದನ್ನು ಯಾರೂ ತಿದ್ದಲಾರರು, ವೈರಸ್ ಕೂಡ ಅಳಿಸಲಾರದು.

ಎರಡನೆಯದು: ಬರೆಯುವ ವಿಧಾನ

ವಿಂಡೋಸ್ 7 ಮತ್ತು ಅನಂತರದ ಆವೃತ್ತಿಗಳಲ್ಲಿ ಖಾಲಿ ಡಿಸ್ಕ್ ಹಾಕಿದೊಡನೆ ಎರಡು ಆಯ್ಕೆಗಳು ಕಾಣಿಸಿಕೊಳ್ಳುತ್ತವೆ. ‘ಲೈಕ್ ಎ ಯುಎಸ್‌ಬಿ ಫ್ಲ್ಯಾಶ್ ಡ್ರೈವ್’ ಎಂಬುದನ್ನು ಆರಿಸಿದರೆ ಡಿಸ್ಕ್ ಮೊದಲು ಫಾರ್ಮ್ಯಾಟ್ ಆಗುತ್ತದೆ. ಅನಂತರ ಪ್ರತಿ ಕಡತವೂ ಬಿಡಿಬಿಡಿಯಾಗಿ ಬರೆಯಲ್ಪಡುತ್ತದೆ. ಲೆಕ್ಕದ ತಂತ್ರಾಂಶಗಳ ದತ್ತಾಂಶದಲ್ಲಿ ನೂರಾರು ಸಣ್ಣ ಕಡತಗಳಿರುವುದರಿಂದ ಈ ವಿಧಾನ ಬಹಳ ನಿಧಾನ. ‘ವಿತ್ ಎ ಸಿಡಿ/ಡಿವಿಡಿ ಪ್ಲೇಯರ್’ ಎಂಬ ಇನ್ನೊಂದು ಆಯ್ಕೆಯಲ್ಲಿ ಎಲ್ಲ ಕಡತಗಳೂ ಒಟ್ಟಿಗೆ ಒಂದೇ ಓಟದಲ್ಲಿ ಬರೆಯಲ್ಪಡುತ್ತವೆ, ಬೇರೆ ಗಣಕಯಂತ್ರಗಳಲ್ಲೂ ಸುಲಭವಾಗಿ ತೆರೆದುಕೊಳ್ಳುತ್ತವೆ. ದಾಖಲೆಗಾಗಿ ಎರಡನೆಯದನ್ನೇ ಆರಿಸಬೇಕು. ಕಡತಗಳನ್ನು ಮುಂಚಿತವಾಗಿ ಒಂದೇ ಜಿಪ್ ಕಡತವಾಗಿ ಕಟ್ಟಿಕೊಂಡರೆ ಇನ್ನೂ ಉತ್ತಮ; ಬಿಡಿ ಅಡಿಕೆಯನ್ನು ಲಾರಿಗೆ ಸುರಿಯುವುದಕ್ಕೂ ಚೀಲ ಕಟ್ಟಿ ಹೇರುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಮೂರನೆಯದು: ಗೋದಾಮು

ಪೆನ್‌ಡ್ರೈವಿನಿಂದಾಗಲಿ, ನೆಟ್‌ವರ್ಕಿನಲ್ಲಿರುವ ಇನ್ನೊಂದು ಗಣಕಯಂತ್ರದಿಂದಾಗಲಿ ನೇರವಾಗಿ ಡಿಸ್ಕಿಗೆ ಬರೆಯಬಾರದು. ದತ್ತಾಂಶವನ್ನು ಮೊದಲು ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿಗೆ ನಕಲಿಸಿಕೊಳ್ಳಬೇಕು. ಹಾರ್ಡ್ ಡಿಸ್ಕ್ ತುಂಬಿ ತುಳುಕುತ್ತಿದ್ದರೆ, ಲೆಕ್ಕದ ತಂತ್ರಾಂಶ ತೆರೆದೇ ಇದ್ದರೆ, ಆಂಟಿವೈರಸ್ ಅದೇ ಹೊತ್ತಿಗೆ ಶೋಧ ನಡೆಸುತ್ತಿದ್ದರೆ ಚೀಲಗಳು ಕಟ್ಟೆಗೆ ಬರುವುದು ತಡವಾಗುತ್ತದೆ. ಹಿಂದೆ ಹೀಗೆ ಬಫರ್ ಬರಿದಾದರೆ ಡಿಸ್ಕೇ ಹಾಳಾಗುತ್ತಿತ್ತು. ಈಗಿನ ಡ್ರೈವುಗಳು ಬರವಣಿಗೆಯನ್ನು ಅಲ್ಲಿಯೇ ತಡೆದು, ದತ್ತಾಂಶ ಬಂದ ಮೇಲೆ ಮುಂದುವರಿಸುತ್ತವೆ. ಡಿಸ್ಕ್ ಉಳಿಯುತ್ತದೆ, ಆದರೆ ತಡೆದಷ್ಟೂ ಸಮಯ ಹೆಚ್ಚುತ್ತದೆ.

ನಾಲ್ಕನೆಯದು: ದಾರಿ

ಹಳೆಯ ಲೆಕ್ಕದ ತಂತ್ರಾಂಶವನ್ನು ತೆರೆಯಲೆಂದೇ ವಿಂಡೋಸ್ ಎಕ್ಸ್‌ಪಿ ಇರುವ ಲ್ಯಾಪ್‌ಟಾಪನ್ನು ಉಳಿಸಿಕೊಂಡವರಿದ್ದಾರೆ. ಅಲ್ಲಿ ಅಡಗಿರುವ ಕಾರಣವೊಂದು ಬಹಳ ಜನರಿಗೆ ತಿಳಿಯದು. ಹಾರ್ಡ್ ಡಿಸ್ಕ್ ಅಥವಾ ಡಿವಿಡಿ ಡ್ರೈವಿನ ವಿನಿಮಯದಲ್ಲಿ ಒಟ್ಟು ಆರು ಬಾರಿ ದೋಷ ಕಂಡುಬಂದರೆ ಎಕ್ಸ್‌ಪಿ ತಾನಾಗಿಯೇ ವೇಗದ ಡಿಎಂಎ ವಿಧಾನವನ್ನು ಬಿಟ್ಟು ಹಳೆಯ ಪಿಐಒ ವಿಧಾನಕ್ಕೆ ಇಳಿಯುತ್ತದೆ; ಮರಳಿ ತಾನಾಗಿ ಏರುವುದಿಲ್ಲ. ಗೀರು ಬಿದ್ದ ಒಂದು ಡಿಸ್ಕನ್ನು ಓದಲು ಹೋಗಿದ್ದೇ ಇದಕ್ಕೆ ಸಾಕಾಗಬಹುದು. ಆಮೇಲೆ ಪ್ರತಿ ಬೈಟನ್ನೂ ಪ್ರೊಸೆಸರ್ ತಾನೇ ಹೊತ್ತು ಸಾಗಿಸಬೇಕಾದ್ದರಿಂದ ಇಡೀ ಯಂತ್ರ ಏದುಸಿರು ಬಿಡುತ್ತದೆ.

ಡಿವೈಸ್ ಮ್ಯಾನೇಜರ್ ತೆರೆದು, ಐಡಿಇ ಕಂಟ್ರೋಲರುಗಳ ಅಡಿಯಲ್ಲಿ ಡ್ರೈವ್ ಇರುವ ಚಾನೆಲ್ಲಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ನೋಡಬೇಕು. ಈಗಿನ ವಿಧಾನ ಪಿಐಒ ಎಂದಿದ್ದರೆ, ‘ಡಿಎಂಎ ಇಫ್ ಅವೈಲಬಲ್’ ಎಂಬುದನ್ನು ಆರಿಸಬೇಕು. ಅದರಿಂದ ಆಗದಿದ್ದರೆ ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮತ್ತೆ ಆರಂಭಿಸಿದರೆ ವಿಂಡೋಸ್ ಅದನ್ನು ಹೊಸದಾಗಿ ಗುರುತಿಸುತ್ತದೆ. ಒಂದು ಪೈಸೆಯೂ ಖರ್ಚಿಲ್ಲದ ದುರಸ್ತಿ ಇದು. ಎಕ್ಸ್‌ಪಿಗೆ ಭದ್ರತಾ ಪರಿಷ್ಕರಣೆಗಳು 2014ರ ಏಪ್ರಿಲ್‌ನಲ್ಲೇ ನಿಂತಿರುವುದರಿಂದ ಅಂಥ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸದಿರುವುದು ಕ್ಷೇಮ.

ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವಕ್ಕೆ ಡಿವಿಡಿ ಡ್ರೈವೇ ಇರುವುದಿಲ್ಲ; ಯುಎಸ್‌ಬಿ ಮೂಲಕ ಹೊರಗಿನಿಂದ ಜೋಡಿಸಬೇಕು. ಹಳೆಯ ಯುಎಸ್‌ಬಿ 1.1 ಕಿಂಡಿಯ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್; ಬಳಕೆಯಲ್ಲಿ ಅದು ಡಿವಿಡಿಯ 1ಎಕ್ಸನ್ನೂ ಮುಟ್ಟದು. ಕನಿಷ್ಠ ಯುಎಸ್‌ಬಿ 2.0 ಬೇಕು. ವಿದ್ಯುತ್ತಿನ ಕೊರತೆ ಇನ್ನೊಂದು ತೊಡಕು. 2.0 ಕಿಂಡಿ ನಿಯಮದಂತೆ ಒದಗಿಸುವುದು 500 ಮಿಲಿಆಂಪಿಯರ್ ಮಾತ್ರ. ಅದೇ ಹಬ್ಬಿಗೆ ಮೌಸ್, ಪ್ರಿಂಟರ್, ಪೆನ್‌ಡ್ರೈವ್ ಎಲ್ಲವನ್ನೂ ಜೋಡಿಸಿದ್ದರೆ ಬರೆಯುವ ಹೊತ್ತಿಗೆ ಡ್ರೈವಿಗೆ ಶಕ್ತಿ ಸಾಲದು. ಹಬ್ಬನ್ನು ಬಿಟ್ಟು ಲ್ಯಾಪ್‌ಟಾಪಿನ ಕಿಂಡಿಗೇ ನೇರವಾಗಿ ಜೋಡಿಸಬೇಕು. ಡ್ರೈವಿನೊಡನೆ ಎರಡು ತುದಿಯ ತಂತಿ ಬಂದಿದ್ದರೆ ಎರಡನ್ನೂ ಬಳಸಬೇಕು.

ಐದನೆಯದು: ಧೂಳು, ಬಿಸಿ, ವಿದ್ಯುತ್

ಅಡಿಕೆ ಸುಲಿಯುವ ಕಡೆಯ ಸಿಪ್ಪೆಯ ಪುಡಿ, ಅಕ್ಕಿ ಗಿರಣಿಯ ತೌಡು, ಜಗಳೂರಿನಂಥ ಒಣ ಸೀಮೆಯ ಬೇಸಿಗೆಯ ಮಣ್ಣು — ಇವೆಲ್ಲ ಕಚೇರಿಯ ಮೇಜಿನವರೆಗೂ ಬರುತ್ತವೆ. ಲ್ಯಾಪ್‌ಟಾಪಿನ ತೆಳು ಡ್ರೈವಿನಲ್ಲಿ ತಟ್ಟೆ ಹೊರಬಂದಾಗ ಲೇಸರ್ ಮಸೂರವೂ ತೆರೆದುಕೊಳ್ಳುವುದರಿಂದ ಧೂಳು ಅದರ ಮೇಲೆಯೇ ಕೂರುತ್ತದೆ. ಬರೆಯುವ ಮೊದಲು ಡ್ರೈವ್ ಡಿಸ್ಕಿನ ಒಂದು ಮೂಲೆಯಲ್ಲಿ ಲೇಸರ್ ಶಕ್ತಿಯನ್ನು ಪರೀಕ್ಷಿಸಿಕೊಳ್ಳುತ್ತದೆ. ಮಸೂರ ಮಸುಕಾಗಿದ್ದರೆ ಬರವಣಿಗೆ ತಡವರಿಸುತ್ತದೆ, ಇಲ್ಲವೇ ಕೆಡುತ್ತದೆ. ಯಂತ್ರವನ್ನು ಆರಿಸಿ, ಗಾಳಿಯ ಬಲ್ಬಿನಿಂದ ಧೂಳನ್ನು ಊದಿ, ಮಸೂರ ಶುಚಿಗೊಳಿಸುವ ಮೆತ್ತನೆಯ ಬಟ್ಟೆಯಿಂದ ಒತ್ತದೆ ಒರೆಸಬಹುದು. ತಟ್ಟೆಯನ್ನು ತೆರೆದಿಡುವ ಅಭ್ಯಾಸವನ್ನು ಬಿಟ್ಟರೆ ಈ ಶ್ರಮವೂ ತಪ್ಪುತ್ತದೆ.

ಬ್ಯಾಟರಿಯಲ್ಲಿ ಮಾತ್ರ ನಡೆಯುವಾಗ ಲ್ಯಾಪ್‌ಟಾಪ್ ವಿದ್ಯುತ್ ಉಳಿಸಲು ತನ್ನ ವೇಗವನ್ನು ತಗ್ಗಿಸಬಹುದು. ಬ್ಯಾಟರಿ ಸತ್ತ ಯಂತ್ರದಲ್ಲಿ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಡಿಸ್ಕೇ ಹಾಳು. ಚಾರ್ಜರ್ ಜೋಡಿಸಿ, ಬ್ಯಾಟರಿಯೂ ಒಳಗಿರುವಂತೆ ಬರೆಯುವುದು ನಮ್ಮ ಕಡೆಯ ವಿದ್ಯುತ್ ಪರಿಸ್ಥಿತಿಗೆ ತಕ್ಕ ಕ್ರಮ.

ಈ ಐದೂ ಮುಗಿದ ಮೇಲೂ ಎಲ್ಲ ಬಗೆಯ ಡಿಸ್ಕುಗಳಲ್ಲೂ ವೇಗ ಕುಸಿದೇ ಇದ್ದರೆ, ಅಥವಾ ಬರೆದ ಡಿಸ್ಕುಗಳು ಪದೇ ಪದೇ ಕೆಡುತ್ತಿದ್ದರೆ, ಲೇಸರ್ ಸವೆದಿದೆ ಎಂದು ತಿಳಿಯಬಹುದು. ಆಗ ಡ್ರೈವ್ ಬದಲಾಯಿಸುವುದೇ ಸರಿ. ದುರಸ್ತಿಗೆ ಹಣ ಹಾಕುವುದು ಲಾಭದಾಯಕವಲ್ಲ.

ವೇಗಕ್ಕಿಂತ ವಿಶ್ವಾಸ ಮುಖ್ಯ

ಪರಿಶೀಲನೆಯ ಹಂತ ಸಮಯವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸುತ್ತದೆ. ಬರವಣಿಗೆ ನಿಧಾನವೆಂದು ಹಲವರು ದೂರುವುದು ವಾಸ್ತವವಾಗಿ ಈ ಹಂತವನ್ನೇ. ಆದರೆ ನಗದು ಎಣಿಸದೆ ಪೆಟ್ಟಿಗೆಗೆ ಹಾಕುವ ವರ್ತಕರು ಯಾರೂ ಇಲ್ಲ. ಪರಿಶೀಲಿಸದ ಡಿಸ್ಕನ್ನು ಬೀರುವಿಗೆ ಇಡುವುದೂ ಅದೇ ಬಗೆಯ ಅಜಾಗರೂಕತೆ. 8ಎಕ್ಸ್ ಲಭ್ಯವಿದ್ದರೂ ದಾಖಲೆಗೆ 4ಎಕ್ಸ್ ಸಾಕು. ಇನ್ನೂರು ಮೆಗಾಬೈಟ್ ದತ್ತಾಂಶದಲ್ಲಿ ಎರಡಕ್ಕೂ ಇರುವ ಅಂತರ ಕೆಲವು ಸೆಕೆಂಡುಗಳಷ್ಟೇ.

ಬರೆದ ಡಿಸ್ಕನ್ನು ಇನ್ನೊಂದು ಗಣಕಯಂತ್ರದಲ್ಲಿ ತೆರೆದು, ಬ್ಯಾಕಪ್ಪನ್ನು ಬೇರೆ ಕಡತಕೋಶಕ್ಕೆ ಮರುಸ್ಥಾಪಿಸಿ, ಅಡಾವೆ ಪತ್ರಿಕೆಯ ಮೊತ್ತ ಮೂಲಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಆ ದಿನಾಂಕವನ್ನು ಡಿಸ್ಕಿಗೆಂದೇ ಇರುವ ಮಾರ್ಕರ್ ಪೆನ್ನಿನಿಂದ ಬರೆಯಬೇಕು. ಬಾಲ್‌ಪೆನ್ ಬೇಡ, ಅಂಟುಚೀಟಿ ಬೇಡ. ಡಿಸ್ಕನ್ನು ಬಿಸಿಲು, ತೇವ ತಾಗದ ಡಬ್ಬಿಯಲ್ಲಿ ನೇರವಾಗಿ ನಿಲ್ಲಿಸಿ ಇಡಬೇಕು. ಎರಡು ಪ್ರತಿ ಮಾಡಿ ಒಂದನ್ನು ಅಂಗಡಿಯಲ್ಲೂ ಇನ್ನೊಂದನ್ನು ಮನೆಯಲ್ಲೂ ಇಟ್ಟು, ಮೂರನೆಯ ಪ್ರತಿ ಬಾಹ್ಯ ಹಾರ್ಡ್ ಡಿಸ್ಕಿನಲ್ಲಿದ್ದರೆ ಒಂದೇ ಅವಘಡಕ್ಕೆ ಎಲ್ಲವೂ ಬಲಿಯಾಗುವುದಿಲ್ಲ. ಹಳೆಯ ವ್ಯಾಟ್ ಕಾಲದ ಡಿಸ್ಕುಗಳು ಬೀರುವಿನಲ್ಲಿದ್ದು, ಆ ಅವಧಿಯ ಪ್ರಕರಣ ಯಾವುದಾದರೂ ಬಾಕಿ ಇದ್ದರೆ ಅವನ್ನೂ ಈ ವಾರವೇ ತೆರೆದು ನೋಡುವುದು ಒಳಿತು.

ಅಧಿಕಾರಿಯ ನೋಟಿಸಿಗೆ ಉತ್ತರಿಸಬೇಕಾದ ದಿನ ಡಿಸ್ಕ್ ಎಷ್ಟು ನಿಮಿಷದಲ್ಲಿ ಬರೆಯಲ್ಪಟ್ಟಿತ್ತು ಎಂದು ಯಾರೂ ಕೇಳುವುದಿಲ್ಲ. ಅದು ತೆರೆದುಕೊಳ್ಳುತ್ತದೆಯೇ ಎಂಬುದಷ್ಟೇ ಅಂದಿನ ಪ್ರಶ್ನೆ.