ಚೆನ್ನಾಗಿ ಓಡುವ ಯಂತ್ರವನ್ನು ಮುಟ್ಟಲೇಬಾರದೇ?

'ಓಡುತ್ತಿರುವ ಯಂತ್ರಕ್ಕೆ ಕೈ ಹಾಕಬೇಡಿ' ಎನ್ನುವವರಿದ್ದಾರೆ. 'ಅವಧಿ ಮುಗಿದ ಭಾಗಗಳನ್ನೆಲ್ಲ ಬದಲಿಸಿಬಿಡಿ, ಕೆಡುವುದೇ ಇಲ್ಲ' ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸತ್ಯ.

ಚಾಮರಾಜನಗರದ ಪಕ್ಕದ ಹರದನಹಳ್ಳಿಯಂಥ ಊರಿನಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟರೆ ಏನು ಮಾಡುತ್ತೇವೆ? ಮೇಲೆತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುತ್ತೇವೆ. ಸುಟ್ಟಿದ್ದು ಯಾಕೆ ಎಂದು ಕೇಳುವುದು ಕಡಿಮೆ. ಮೂರು ಫೇಸ್‌ಗಳಲ್ಲಿ ಒಂದು ಹೋದರೂ ಓಡುತ್ತಿರುವ ಮೋಟಾರ್ ಅದೇ ಭಾರ ಎಳೆಯಲು ನೋಡುತ್ತದೆ. ಆಗ ಉಳಿದೆರಡು ಫೇಸ್‌ಗಳ ಕರೆಂಟ್ ಸುಮಾರು 1.7 ಪಟ್ಟು ಏರುತ್ತದೆ. ಶಾಖ ಹುಟ್ಟುವುದು ಕರೆಂಟ್‌ನ ವರ್ಗಕ್ಕೆ ತಕ್ಕಂತೆ, ಅಂದರೆ ಆ ತಂತಿಗಳಲ್ಲಿ ಹತ್ತಿರ ಹತ್ತಿರ 3 ಪಟ್ಟು! ನೀರಿನ ಮಟ್ಟ ಕುಸಿದಿದ್ದರೆ ಮೋಟಾರನ್ನು ತಂಪಾಗಿಡುವ ನೀರೂ ಇರುವುದಿಲ್ಲ. ಸ್ಟಾರ್ಟರ್‌ಗೆ ಸಿಂಗಲ್ ಫೇಸ್ ಪ್ರಿವೆಂಟರ್ ಮತ್ತು ಡ್ರೈ ರನ್ ರಕ್ಷಣೆ ಹಾಕಿಸದೆ ಹೊಸ ಮೋಟಾರನ್ನೇ ಇಳಿಸಿದರೂ ಕಥೆ ಅದೇ.

ದೊಡ್ಡ ಕಾರ್ಖಾನೆಗಳ ಎಂಜಿನಿಯರುಗಳು ಶುರು ಮಾಡುವುದೂ ಇದೇ ಪ್ರಶ್ನೆಯಿಂದ: ಕೆಟ್ಟಿದ್ದು ಯಾಕೆ? ಬೇರಿಂಗ್ ಹೋದರೆ ಅದರ ವಯಸ್ಸನ್ನು ದೂರುವ ಮೊದಲು ಶಾಫ್ಟ್ ನೇರವಾಗಿ ಕೂತಿದೆಯೇ, ಗ್ರೀಸ್ ಹೆಚ್ಚಾಯಿತೇ, ದೂಳು ಸೇರಿತೇ ಎಂದು ನೋಡುತ್ತಾರೆ. (ಗ್ರೀಸ್ ಅತಿಯಾದರೂ ಬೇರಿಂಗ್ ಬಿಸಿಯಾಗಿ ಕೆಡುತ್ತದೆ.)

ಹಾಗಾದರೆ ಅವಧಿಗೆ ಸರಿಯಾಗಿ ಭಾಗ ಬದಲಿಸುವುದು? 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ವಿಮಾನದ ಭಾಗಗಳ ಬಗ್ಗೆ ವರದಿ ಕೊಟ್ಟರು. ವಯಸ್ಸಾದಂತೆ ಸವೆದು ಕೆಡುವ ಭಾಗಗಳು ಸುಮಾರು ಶೇ. 11 ಮಾತ್ರ. ಬಹುಪಾಲು ಭಾಗಗಳು ಕೆಡುವ ಸಾಧ್ಯತೆ ಹೆಚ್ಚಿದ್ದದ್ದು ಹೊಸದಾಗಿ ಕೂರಿಸಿದಾಗಲೇ. ಬೆಲ್ಟ್, ಫಿಲ್ಟರ್‌ಗಳಂಥ ಸವೆಯುವ ವಸ್ತುಗಳನ್ನು ಅವಧಿಗೆ ಬದಲಿಸಲೇಬೇಕು. ಮಿಕ್ಕವನ್ನು ಬಿಚ್ಚದೆ ಗಮನಿಸುವುದು ಮೇಲು. ಅದಕ್ಕಾಗಿಯೇ ಕಂಪನ ಅಳೆಯುತ್ತಾರೆ, ಎಣ್ಣೆಯಲ್ಲಿ ಲೋಹದ ಚೂರು ಹುಡುಕುತ್ತಾರೆ, ಶಾಖ ತೋರುವ ಕ್ಯಾಮೆರಾ ಹಿಡಿಯುತ್ತಾರೆ.

ನಮ್ಮ ರಾಜ್ಯದ ಕೈಗಾ ಅಣು ವಿದ್ಯುತ್ ಸ್ಥಾವರದ 1ನೇ ಘಟಕ 2016ರ ಮೇ 13ರಿಂದ 962 ದಿನ ನಿಲ್ಲದೆ ಓಡಿ, ಬ್ರಿಟನ್ನಿನ ಹೇಶಮ್ ಘಟಕದ 940 ದಿನಗಳ ದಾಖಲೆ ಮುರಿಯಿತು. ಇದು ಮುಟ್ಟದೆ ಬಿಟ್ಟಿದ್ದರಿಂದ ಆದದ್ದಲ್ಲ. ಓಡುತ್ತಿರುವಾಗಲೇ ಇಂಧನ ಬದಲಿಸುವಂತೆ ಅದರ ವಿನ್ಯಾಸವೇ ಇದೆ. 2018ರ ಡಿಸೆಂಬರ್ 31ರಂದು ಅದನ್ನು ನಿಲ್ಲಿಸಿದ್ದೂ ಕೆಟ್ಟಿತೆಂದಲ್ಲ, ನಿಗದಿತ ತಪಾಸಣೆಗೆ.

ನಿಮ್ಮ ಪಂಪಿಗೋ ಹಿಟ್ಟಿನ ಗಿರಣಿಗೋ ಇಷ್ಟೆಲ್ಲ ಉಪಕರಣ ಬೇಡ. ಸ್ಟಾರ್ಟರ್ ಮೇಲಿನ ಆಂಪಿಯರ್ ಮೀಟರ್ ಎಷ್ಟು ತೋರಿಸುತ್ತಿದೆ ಎಂದು ವಾರಕ್ಕೊಮ್ಮೆ ತಾರೀಖಿನ ಜೊತೆ ಬರೆದಿಡಿ. ವೋಲ್ಟೇಜ್ ಸರಿಯಿದ್ದೂ ಅಂಕಿ ಏರುತ್ತಾ ಹೋದರೆ, ಸುಡುವ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ.